ಮಂಗಳಕ್ಕೆ ಹೊರಟವರು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ದೂರು ಕೊಡುವ ಮೊದಲು ಒಂದು ಷರತ್ತು ಹಾಕಿದಳು.

"ನಗೋದಿಲ್ಲ ಅಂತ ಮಾತು ಕೊಡ್ತೀರಾ?"

ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನಗಿಸೋಕೆ ಅಂತ ಇಲ್ಲಿಗೆ ಯಾರೂ ಬರಲ್ಲ."

ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ವಯಸ್ಸು ಮೂವತ್ತೈದರ ಆಸುಪಾಸು. ಮಾತಾಡುವಾಗ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು, ಕಲಿಯುವವರ ಪಕ್ಕ ಕೂತು ಬ್ರೇಕ್ ಹಾಕಿ ಹಾಕಿ ಬಂದ ಅಭ್ಯಾಸ.

"ನಮ್ಮಮ್ಮ ಕಾಣೆಯಾಗಿದ್ದಾರೆ ಸಾರ್. ನಾಲ್ಕು ತಿಂಗಳಾಯ್ತು."

"ಎಲ್ಲಿಗೆ ಅಂತ ಹೇಳಿ ಹೋದ್ರು?"

"ಮಂಗಳಕ್ಕೆ."

"ಅದ್ಯಾವ ಊರು?"

"ಊರಲ್ಲ ಸಾರ್. ಗ್ರಹ."

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದರು. ಠಾಣೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವರ ತುಟಿ ಒಂದಿಷ್ಟು ಅಲುಗಿತು. ಆದರೆ ಆಕೆಯ ಷರತ್ತು ನೆನಪಾಗಿರಬೇಕು, ಮತ್ತೆ ಕಡತಕ್ಕೆ ತಲೆ ಬಗ್ಗಿಸಿದರು.

ಕತೆ ಹೀಗಿತ್ತು. ತಾಯಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಗಂಡ ತೀರಿಹೋದ ಮೇಲೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಕಳೆದ ವರ್ಷ 'ಕೆಂಪು ನೆಲ' ಎಂಬ ವೆಬ್‌ಸೈಟ್ ಅವರ ಕಣ್ಣಿಗೆ ಬಿದ್ದಿತ್ತು. ಜನರಿಂದ ದೇಣಿಗೆ ಎತ್ತಿ ಸಾಮಾನ್ಯ ಜನರನ್ನು ಮಂಗಳ ಗ್ರಹಕ್ಕೆ ಕಳಿಸುವ ಯೋಜನೆಯಂತೆ. ಹೋಗುವುದಷ್ಟೇ, ವಾಪಸು ಬರುವುದಿಲ್ಲ. ದೇಣಿಗೆಯೆಲ್ಲ ಕ್ರಿಪ್ಟೊ ಕಾಯಿನ್‌ಗಳಲ್ಲಿ. ದೊಡ್ಡ ಮೊತ್ತ ಕೊಟ್ಟವರಲ್ಲಿ ಕೆಲವರನ್ನು ಪ್ರಯಾಣಕ್ಕೆ ಆರಿಸುತ್ತಾರಂತೆ. ತಾಯಿ ಫ್ಲ್ಯಾಟ್ ಮಾರಿ, ಬಂದ ಹಣವನ್ನು ಕಾಯಿನ್ ಮಾಡಿ ಕೊಟ್ಟರು. 'ತರಬೇತಿಗೆ ಹೋಗ್ತಿದ್ದೀನಿ, ಹುಡುಕಬೇಡ' ಎಂದು ಚೀಟಿ ಬರೆದಿಟ್ಟು ಒಂದು ಸೂಟ್‌ಕೇಸ್ ಹಿಡಿದು ಹೋದರು.

"ನಾಲ್ಕು ತಿಂಗಳು ಸುಮ್ಮನಿದ್ದು ಈಗ್ಯಾಕೆ ಬಂದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

ಆಕೆ ಫೋನ್ ತೆಗೆದು ಮೇಜಿನ ಮೇಲಿಟ್ಟಳು. ತಾಯಿಯಿಂದ ಪ್ರತಿ ಭಾನುವಾರ ಧ್ವನಿ ಸಂದೇಶ ಬರುತ್ತಿತ್ತು. ಕಳೆದ ಮೂರು ಭಾನುವಾರದ ಸಂದೇಶಗಳನ್ನು ಒಂದಾದ ಮೇಲೊಂದು ಹಾಕಿದಳು. 'ಚೆನ್ನಾಗಿದ್ದೀನಿ ಮಗಳೇ, ಊಟ ತಿಂಡಿ ಎಲ್ಲ ಸರಿಯಾಗಿದೆ.' ಆಮೇಲೆ ಒಂದು ಕೆಮ್ಮು. ಆಮೇಲೆ, 'ನೀನು ಹುಷಾರು.'

ಮೂರರಲ್ಲೂ ಕೆಮ್ಮು ಅದೇ ಜಾಗದಲ್ಲಿತ್ತು.

ಕೋಣೆಯಲ್ಲಿ ಈಗ ನಗುವ ಮುಖ ಒಂದೂ ಇರಲಿಲ್ಲ. ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ನಾಪತ್ತೆ ಮತ್ತು ವಂಚನೆ.

ಆಕೆ ಹೋದ ಮೇಲೆ ಇನ್‌ಸ್ಪೆಕ್ಟರ್ ಬಾಗಿಲು ಮುಂದೆ ಮಾಡಿದರು. "ಅಕ್ಕ, ಯೋಚನೆ ಮಾಡಿ. ಹೋದೋರು ವಾಪಸ್ ಬರಲ್ಲ ಅಂತ ಮೊದಲೇ ಬರೆದು ಕೊಟ್ಟಿರ್ತಾರೆ. ಮನೆಯೋರು ಹುಡುಕಲ್ಲ. ಮುದುಕರನ್ನ ಕರೆಸಿ, ಆಸ್ತಿ ಬರೆಸ್ಕೊಂಡು, ಕತ್ತು ಹಿಸುಕೋನಿಗೆ ಇದಕ್ಕಿಂತ ಒಳ್ಳೆ ಉಪಾಯ ಬೇಕಾ?"

"ಮಗಳ ಮೇಲೂ ಒಂದು ಕಣ್ಣಿಡಿ ಸಾರ್. ಫ್ಲ್ಯಾಟ್ ಹೋದ ಸಿಟ್ಟು ಎಲ್ಲಿಗೆ ತಿರುಗುತ್ತೋ."

ಕಂಪ್ಯೂಟರ್ ಕೆಲಸ ನೋಡುತ್ತಿದ್ದ ಕಾನ್‌ಸ್ಟೆಬಲ್ ಎರಡು ದಿನ ವೆಬ್‌ಸೈಟ್ ಜಾಲಾಡಿದ. ಕ್ರಿಪ್ಟೊ ಎಂದರೆ ಗುಟ್ಟು ಎಂದುಕೊಂಡಿದ್ದ ಇನ್‌ಸ್ಪೆಕ್ಟರ್‌ಗೆ ಅವನು ತಿಳಿಸಿ ಹೇಳಿದ: ಕಾಯಿನ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು, ಯಾರ ಕೈಗೆ ಹೋಯಿತು ಎಂಬುದಷ್ಟೇ ತಿಳಿಯುವುದಿಲ್ಲ. ಸಾವಿರಾರು ಜನ ಸಣ್ಣ ಸಣ್ಣ ಮೊತ್ತ ಹಾಕಿದ್ದರು. ಬಹುಪಾಲು ಕಾಯಿನ್ ಯೋಜನೆಯ ವಾಲೆಟ್‌ನಲ್ಲೇ, ಅಂದರೆ ಕಾಯಿನ್ ಇಡುವ ಖಾತೆಯಲ್ಲೇ, ಬಿದ್ದಿತ್ತು.

"ಹಾಗಾದ್ರೆ ದುಡ್ಡು ಇದೆ?"

"ಕಾಯಿನ್ ಇದೆ ಸಾರ್, ಬೆಲೆ ಇಲ್ಲ. ಮೂರು ತಿಂಗಳ ಹಿಂದೆಯೇ ನೆಲ ಕಚ್ಚಿದೆ. ಪರ್ವತ ಕರಗಿ ಹೆಂಟೆ ಆಗಿದೆ. ಆದ್ರೂ ವೆಬ್‌ಸೈಟ್ ನಡೆಸೋನು ದೇಣಿಗೆ ಎತ್ತೋದು ನಿಲ್ಲಿಸಿಲ್ಲ."

ಜೊತೆಗೆ ಇನ್ನೊಂದು ಸಂಗತಿ ಸಿಕ್ಕಿತು. ಹೊಸ ದಾನಿಗಳನ್ನು ಕರೆತಂದವರಿಗೆ ಬಹುಮಾನದ ಕಾಯಿನ್ ಹೋಗುತ್ತಿತ್ತು. ತಾಯಿ ಹಣ ಹಾಕಿದ ದಿನವೇ ಅಂಥದೊಂದು ಬಹುಮಾನ ಹೋಗಿತ್ತು. ಅದನ್ನು ನಗದು ಮಾಡಿಕೊಟ್ಟ ಎಕ್ಸ್‌ಚೇಂಜ್‌ಗೆ ಪತ್ರ ಬರೆದಾಗ ಒಂದು ಫೋನ್ ನಂಬರ್ ಬಂತು. ದೂರುದಾರಳ ಗಂಡನ ನಂಬರ್.

ಅಳಿಯ ಹಳೇ ಕಾರು ಮಾರುವವನು. ಗುರುವಾರ ಅವನನ್ನು ಕರೆಸಿದರು. ಇನ್‌ಸ್ಪೆಕ್ಟರ್ ಇನ್ನೂ ಏನೂ ಕೇಳಿರಲಿಲ್ಲ, ಅವನೇ ಶುರು ಮಾಡಿದ. "ನಾನು ಅತ್ತೆಗೆ ಏನೂ ಮಾಡಿಲ್ಲ ಸಾರ್."

"ಮಾಡಿದ್ದೀರಿ ಅಂತ ಯಾರಂದ್ರು?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಇನ್‌ಸ್ಪೆಕ್ಟರ್ ದಿಟ್ಟಿಸಿದರು. "ವೆಬ್‌ಸೈಟ್ ತೋರಿಸಿದ್ದು ಯಾರು?"

"ನಾನೇ. ತಮಾಷೆಗೆ."

"ಅವರ ಫೋನಲ್ಲಿ ವಾಲೆಟ್ ಹಾಕಿಕೊಟ್ಟಿದ್ದು?"

"ನಾನೇ."

"ಬಹುಮಾನ ತಗೊಂಡಿದ್ದು?"

ಅವನು ಕಾರಿನ ಕೀ ಜೇಬಿಗೆ ಹಾಕಿಕೊಂಡ.

"ಹೆಂಡತಿಗೆ ಗೊತ್ತಾ?"

ಅವನು ಕೈಮುಗಿದ. "ಅವಳಿಗೊಂದು ಹೇಳಬೇಡಿ ಸಾರ್. ಫ್ಲ್ಯಾಟ್ ಮಾರೋ ಮಟ್ಟಕ್ಕೆ ಹೋಗ್ತಾರೆ ಅಂತ ನನಗೇನು ಗೊತ್ತು? ಪೆಟ್ರೋಲ್ ಖರ್ಚಿಗೆ ಆಗುತ್ತೆ ಅಂದ್ಕೊಂಡೆ."

ಅವನ ಗೋದಾಮು ಶೋಧಿಸಿದರು. ಮಾರಾಟವಾಗದ ಎಂಟು ಕಾರುಗಳ ಡಿಕ್ಕಿಗಳನ್ನು ಅಕ್ಕ ಒಂದೊಂದಾಗಿ ತೆರೆಸಿದರು. ಪ್ರತಿ ಸಲ ಮುಚ್ಚಳ ಏಳುವಾಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಉಸಿರು ಹಿಡಿಯುತ್ತಿದ್ದಳು. ಹಳೇ ಟಯರ್‌ಗಳ ಹೊರತು ಏನೂ ಇರಲಿಲ್ಲ. ವಿಷಯವನ್ನು ಅವಳಿಗೆ ಪೊಲೀಸರು ಹೇಳಬೇಕಾಗಲೇ ಇಲ್ಲ. ಗಂಡನ ಮುಖ ನೋಡಿಯೇ ಅವಳಿಗೆ ಅರ್ಧ ತಿಳಿದಿತ್ತು. "ಮಿಕ್ಕಿದ್ದು ಮನೇಲಿ ಹೇಳು," ಎಂದಷ್ಟೇ ಅಂದಳು.

ಅಕ್ಕ ಅವಳನ್ನು ಪಕ್ಕಕ್ಕೆ ಕರೆದರು. "ಅಮ್ಮನಿಗೆ ಕಾಯಿಲೆ ಏನಾದ್ರೂ ಇತ್ತಾ?"

"ಸಕ್ಕರೆ ಕಾಯಿಲೆ ಮೇಡಂ. ದಿನಾ ಇನ್ಸುಲಿನ್ ಬೇಕು. ಹಳೇ ಡಾಕ್ಟರ್ ಬರೆದಿದ್ದನ್ನೇ ಹಿಡ್ಕೊಂಡಿದ್ರು, ಬೇರೆ ಮುಟ್ತಾ ಇರಲಿಲ್ಲ. ಈಗ ಯಾವ ಅಂಗಡೀಲೂ ಇಡಲ್ಲ ಅದನ್ನ, ಹೇಳಿ ತರಿಸ್ಬೇಕು."

ಅಕ್ಕನ ಮನೆಯಲ್ಲೂ ಅತ್ತೆಗೆ ಅದೇ ಕಾಯಿಲೆ. ಠಾಣೆಗೆ ವಾಪಸಾಗುವ ಜೀಪಿನಲ್ಲಿ ಅವರು ಹೇಳಿದರು: "ಸಾರ್, ಆಯಮ್ಮ ಸತ್ತಿದ್ರೆ ಔಷಧಿ ಬೇಡ. ಬದುಕಿದ್ರೆ ಯಾರೋ ಒಬ್ಬರು ತರ್ಲೇಬೇಕು."

ಶುಕ್ರವಾರ ಸಗಟು ಔಷಧ ವ್ಯಾಪಾರಿಯ ಬಳಿ ವಿಚಾರಿಸಿದರು. ಆ ಇನ್ಸುಲಿನ್ ತರಿಸುವ ಅಂಗಡಿಗಳು ನಗರದಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಮಾತ್ರ ಹೊಸದು, ಊರಾಚೆಯ ಹೆದ್ದಾರಿ ಬದಿಯದು. ತಾಯಿ ಮನೆ ಬಿಟ್ಟ ತಿಂಗಳಿಂದ ಅಲ್ಲಿಗೆ ಸರಬರಾಜು ಶುರುವಾಗಿತ್ತು.

ಅಂಗಡಿಯವನು ಗಿರಾಕಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದ. "ಎತ್ತರದ ಮನುಷ್ಯ. ಬಿಳಿ ಗಡ್ಡ. ಐಸ್ ಹಾಕಿದ ಡಬ್ಬಿ ಜೊತೆಗೇ ತರ್ತಾರೆ. ಮಾತಾಡಿದ್ರೆ ರೇಡಿಯೋದಲ್ಲಿ ಓದಿದ ಹಾಗಿರುತ್ತೆ. ನಾಳೆ ಬರ್ತಾರೆ."

ಮರುದಿನ ಮಧ್ಯಾಹ್ನ ಬಿಳಿ ಗಡ್ಡದವನು ಸ್ಕೂಟರ್‌ನಲ್ಲಿ ಬಂದ. ಔಷಧಿಯನ್ನು ಐಸ್ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ ಹೊರಟ. ಮಫ್ತಿಯಲ್ಲಿದ್ದ ಕಾನ್‌ಸ್ಟೆಬಲ್ ಬೈಕಿನಲ್ಲಿ ಹಿಂಬಾಲಿಸಿದ. ಸ್ಕೂಟರ್ ಹೆದ್ದಾರಿ ಬಿಟ್ಟು ಮಣ್ಣು ದಾರಿಗಿಳಿದು, ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಗೇಟಿನೊಳಗೆ ಮಾಯವಾಯಿತು.

ಮೂರೂವರೆಗೆ ಇನ್‌ಸ್ಪೆಕ್ಟರ್, ಅಕ್ಕ, ನಾಲ್ವರು ಸಿಬ್ಬಂದಿ ಮತ್ತು ಇಬ್ಬರು ಪಂಚರು ಗೇಟಿನ ಬಳಿ ಸೇರಿದರು. ಒಳಗೆಲ್ಲ ಕೆಂಪು ಧೂಳು. ಕಾಲಿಟ್ಟಲ್ಲೆಲ್ಲ ಹೆಂಚಿನ ಚೂರು ಕರಕರ ಎನ್ನುತ್ತಿತ್ತು. ಬಿಳಿ ಗಡ್ಡದವನು ಅಂಗಳದಲ್ಲೇ ಸಿಕ್ಕಿದ. ಓಡಲಿಲ್ಲ. "ಧ್ವನಿ ಸ್ವಲ್ಪ ಕಡಿಮೆ ಮಾಡಿ," ಎಂದ. "ಅವರು ವಿಶ್ರಾಂತಿ ತಗೊಳ್ಳೋ ಹೊತ್ತು."

ಇನ್‌ಸ್ಪೆಕ್ಟರ್ ಸೊಂಟದ ಪಿಸ್ತೂಲಿನ ಮೇಲೆ ಕೈಯಿಟ್ಟರು. 'ವಿಶ್ರಾಂತಿ' ಎಂಬ ಮಾತಿಗೆ ಅವರ ನೌಕರಿಯಲ್ಲಿ ಬೇರೆ ಅರ್ಥಗಳಿದ್ದವು. ಹೆಂಚು ಒಣಗಿಸುವ ಶೆಡ್ಡಿಗೆ ಒಂದೇ ದಾರಿ, ಯಾವುದೋ ಶೀತಲ ಕೋಣೆಯಿಂದ ತಂದು ಕೂರಿಸಿದ ದಪ್ಪ ಬಾಗಿಲು. ಅದನ್ನು ಎಳೆದರೆ ಒಳಗೆ ಪುಟ್ಟ ಜಾಗ, ಎದುರಿಗೆ ಅಂಥದೇ ಇನ್ನೊಂದು ಬಾಗಿಲು. ಅವರು ಅದಕ್ಕೆ ಕೈ ಹಾಕುತ್ತಿದ್ದಂತೆ ಒಳಗಿನಿಂದ ಹೆಂಗಸಿನ ಗದರು ದನಿ ಬಂತು.

"ಮೊದಲನೇ ಬಾಗಿಲು ಹಾಕ್ದೆ ಎರಡನೇದು ತೆಗೀಬೇಡಿ! ಧೂಳೆಲ್ಲ ಒಳಗೆ ಬರುತ್ತೆ."

ಇಪ್ಪತ್ತಾರು ವರ್ಷದ ನೌಕರಿಯ ಇನ್‌ಸ್ಪೆಕ್ಟರ್ ಹಿಂದೆ ತಿರುಗಿ ಮೊದಲನೇ ಬಾಗಿಲು ಹಾಕಿದರು.

ಒಳಗೆ ಐವರಿದ್ದರು. ಐವರೂ ಅರವತ್ತು ದಾಟಿದವರು, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟವರು. ಸಾಲು ಕುಂಡಗಳಲ್ಲಿ ಸೊಪ್ಪು ಬೆಳೆದಿತ್ತು. ಮಂಚಗಳು ಮಡಿಕೆ ಮುರಿಯದ ಹಾಸಿಗೆಗಳೊಂದಿಗೆ ನೇರ ಸಾಲಿನಲ್ಲಿದ್ದವು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಪೊಲೀಸರನ್ನು ನೋಡಿ ಕೈ ಚಾಚಿದರು. "ಟಿಕೆಟ್ ತೋರಿಸಿ. ಇಲ್ಲಿ ಪಾಸ್ ನಡೆಯಲ್ಲ."

ಬಾಗಿಲ ಬಳಿ ಗದರಿದಾಕೆಯೇ ದೂರುದಾರಳ ತಾಯಿ.

ಯಾರ ಮೈಮೇಲೂ ಗಾಯವಿರಲಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗವೂ ಇರಲಿಲ್ಲ. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ 'ಅಕ್ರಮ ಬಂಧನ' ಎಂದು ಬರೆದು, ಇನ್‌ಸ್ಪೆಕ್ಟರ್ ಮುಖ ನೋಡಿ, ಹೊಡೆದುಹಾಕಿದ.

ಸಂಜೆ ಮಗಳು ಬಂದಳು. ತಾಯಿಯನ್ನು ತಬ್ಬಿಕೊಂಡಳು, ಆಮೇಲೆ ಎರಡೂ ಭುಜ ಹಿಡಿದು ಅಲುಗಿಸಿದಳು. "ಮೂರು ವಾರ ಅದೇ ಮೆಸೇಜು! ಸತ್ತೇಹೋದೆ ಅಂದ್ಕೊಂಡಿದ್ದೆ ಕಣಮ್ಮ."

"ನಾನೇ ಮಾತಾಡಲ್ಲ ಅಂದಿದ್ದೆ. ಗಡ್ಡದೋರು ಹಳೇದನ್ನೇ ಕಳಿಸ್ತಿದ್ರೇನೋ." ತಾಯಿ ಮುಖ ತಿರುಗಿಸಿದರು. "ಮುಂದಿನ ತಿಂಗಳು ಹೊರಡ್ತೀವಿ ಅಂತ ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಎಷ್ಟು ದಿನ ಅಂತ ಸುಳ್ಳು ಹೇಳ್ಲಿ?"

ಅಕ್ಕ ಹತ್ತಿರ ಬಂದರು. "ಸುಳ್ಳು ಅಂತ ನಿಮಗೆ ಗೊತ್ತಿತ್ತಾ ಅಮ್ಮ?"

"ದಿನಾ ಇನ್ಸುಲಿನ್ ಚುಚ್ಚಿಕೊಳ್ಳೋ ಮುದುಕೀನ ಯಾರು ರಾಕೆಟ್ ಹತ್ತಿಸ್ತಾರೆ ಹೇಳಿ? ಮೊದಲನೇ ತಿಂಗಳೇ ಗೊತ್ತಾಯ್ತು. ಎಲ್ಲರಿಗೂ ಗೊತ್ತು. ಗಡ್ಡದೋರಿಗೆ ಹೇಳೋದು ಹೇಗೆ ಅಂತ ಸುಮ್ಮನಿದ್ವಿ. ಪಾಪ, ಅಷ್ಟು ನಂಬಿದ್ದಾರೆ."

"ಮನೆಗೆ ಬರಬಾರದಿತ್ತಾ?" ಮಗಳು ಕೇಳಿದಳು.

"ಯಾವ ಮನೆಗೆ? ಮಾರಿಬಿಟ್ಟೆನಲ್ಲ. ನಿಮ್ಮನೆಗೆ ಬಂದು ಟೀವಿ ಮುಂದೆ ಕೂರಬೇಕಿತ್ತು. ಇಲ್ಲಿ ನೀರಿನ ಉಸ್ತುವಾರಿ ನನ್ನದು ಕಣೇ. ನಾನು ಹೂಂ ಅನ್ನೋವರೆಗೆ ಯಾರೂ ನಲ್ಲಿ ಮುಟ್ಟೋ ಹಾಗಿಲ್ಲ."

ಮಗಳು ಮಂಚಗಳ ಕಡೆ ನಡೆದಳು. ತಾಯಿಯ ಸೂಟ್‌ಕೇಸ್ ಹುಡುಕಿ ತಂದು ಬಟ್ಟೆ ತುಂಬತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತಾಯಿಯೂ ಬಂದು, ಅವಳು ತುರುಕಿದ್ದನ್ನೆಲ್ಲ ಹೊರತೆಗೆದು ಸರಿಯಾಗಿ ಮಡಚಿಟ್ಟರು.

ಅಂದು ಸಂಜೆ ಏಳಕ್ಕೆ ಬಿಳಿ ಗಡ್ಡದವನ ಬಂಧನ ದಾಖಲಾಯಿತು. ಸುದ್ದಿ ಹರಡಿ ಭಾನುವಾರ ಬೆಳಿಗ್ಗೆಯೇ ಠಾಣೆಯ ಮುಂದೆ ಜನ ಸೇರಿದರು. ಎಲ್ಲರೂ ಶೆಡ್ಡಿನಲ್ಲಿ ಸುಖವಾಗಿದ್ದವರಲ್ಲ. ಬೇಕರಿಯಲ್ಲಿ ಹಿಟ್ಟು ನಾದುವ ಒಬ್ಬಾಕೆ ಮಗಳ ಕಾಲೇಜಿಗೆಂದು ಕೂಡಿಟ್ಟದ್ದನ್ನು ಹಾಕಿದ್ದಳು. ಬೆಲೆ ಹತ್ತು ಪಟ್ಟಾಗುತ್ತದೆ ಎಂದು ವೆಬ್‌ಸೈಟಿನಲ್ಲಿ ಬರೆದಿತ್ತಂತೆ. ಅವಳು ಕೂಗಾಡಲಿಲ್ಲ. ಹೇಳಿಕೆ ಕೊಟ್ಟು, ಕೆಲಸಕ್ಕೆ ಹೊತ್ತಾಯಿತೆಂದು ಹೋದಳು.

ಇನ್‌ಸ್ಪೆಕ್ಟರ್ ಅದನ್ನು ನೋಡಿಯೇ ವಿಚಾರಣೆಗೆ ಕೂತಿದ್ದು.

"ಕಾಯಿನ್ ಬಿದ್ದುಹೋದ ಮೇಲೂ ದೇಣಿಗೆ ಯಾಕೆ ಎತ್ತಿದ್ರಿ?"

"ಬಾಡಿಗೆ, ಊಟ, ಔಷಧಿ. ನಿಲ್ಲಿಸಿದ್ರೆ ಅವರಿಗೆ ಹೇಳ್ಬೇಕಾಗಿತ್ತು."

"ರಾಕೆಟ್ ಇದೆ ಅಂತ ನೀವು ನಂಬಿದ್ರಾ?"

"ಮೊದಲು ನಂಬಿದ್ದೆ. ಕಾಯಿನ್ ಏರ್ತಾ ಇದ್ದಾಗ. ಆಗ ಏನು ಬೇಕಾದ್ರೂ ಆಗುತ್ತೆ ಅನ್ನಿಸ್ತಿತ್ತು."

"ಮೊದಲು ಏನು ಕೆಲಸ?"

ಅವನು ತಾರಾಲಯದಲ್ಲಿ ಪ್ರದರ್ಶನ ನಡೆಸುವವನಾಗಿದ್ದ, ಅದು ಮುಚ್ಚುವವರೆಗೆ. ಕತ್ತಲ ಗುಮ್ಮಟದಡಿ ಕೂತು ಮೈಕಿನಲ್ಲಿ, 'ಈಗ ನಾವು ಭೂಮಿಯನ್ನು ಬಿಟ್ಟು ಹೊರಡುತ್ತಿದ್ದೇವೆ' ಎನ್ನುತ್ತಿದ್ದ. ಜನ ಉಸಿರು ಬಿಗಿಹಿಡಿಯುವುದು ಅವನಿಗೆ ಕೇಳಿಸುತ್ತಿತ್ತು.

"ಮುಕ್ಕಾಲು ಗಂಟೆ ಅಷ್ಟೇ ಸಾರ್. ಲೈಟ್ ಹಾಕಿದ ತಕ್ಷಣ ಎಲ್ಲರೂ ಎದ್ದು ಚಪ್ಪಲಿ ಹುಡುಕೋರು. ಅಷ್ಟು ವರ್ಷದಲ್ಲಿ ಎದ್ದು ಹೋಗದೆ ಕೂತೋರು ಒಬ್ಬರೂ ಇಲ್ಲ. ಎಲ್ಲರನ್ನೂ ಅಷ್ಟು ದೂರ ಕರ್ಕೊಂಡು ಹೋಗಿ, ವಾಪಸ್ ಬರುವಾಗ ನಾನೊಬ್ಬನೇ."

ಕಾನ್‌ಸ್ಟೆಬಲ್ ಹೇಳಿಕೆಯನ್ನು ಬೆರಳಚ್ಚು ಮಾಡುತ್ತಿದ್ದ.

"ರಾಕೆಟ್ ಇಲ್ಲ ಅಂತ ಅವರಿಗೆ ಹೇಳಿಬಿಟ್ರಾ?" ಅವನು ಕೇಳಿದ.

"ಅವರಿಗೆ ಮೊದಲೇ ಗೊತ್ತಿತ್ತಂತೆ."

"ಯಾವಾಗಿಂದ?"

"ಮೊದಲ ತಿಂಗಳಿಂದ."

ರೇಡಿಯೋದಂಥ ಆ ದನಿ ಈಗ ಬೇರೆ ಯಾರದೋ ದನಿಯಂತಿತ್ತು.

"ಮತ್ತೆ ಯಾಕೆ ಎದ್ದು ಹೋಗಲಿಲ್ಲ?"

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಗಳನ್ನು ಅವನ ಮುಂದೆ ಸರಿಸಿ, ಸಹಿ ಹಾಕಬೇಕಾದ ಜಾಗ ತೋರಿಸಿದರು.