ಅರ್ಧ ಕಿಲೋ ಸಕ್ಕರೆ

ಅಡುಗೆಮನೆಯ ತಕ್ಕಡಿಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದ ಅವನಿಗೆ ಆ ನಿವೃತ್ತ ಟೀಚರಮ್ಮನ ದೂರು ಓದಿ ಮೈಯೆಲ್ಲ ಉರಿದುಹೋಯಿತು. ‘ಅರ್ಧ ಕಿಲೋ ಸಕ್ಕರೆ ಇಟ್ಟರೆ ನಿಮ್ಮ ತಕ್ಕಡಿ ಆರುನೂರು ಗ್ರಾಂ ತೋರಿಸುತ್ತದೆ. ಹಣ ವಾಪಸ್ ಕೊಡಿ.’ ಈಗಾಗಲೇ ಎರಡು ತಕರಾರು ಸೋತಿದ್ದ. ಮೂರನೆಯದನ್ನೂ ಸೋತರೆ ಸೈಟಿನವರು ಅವನ ಅಂಗಡಿಯನ್ನೇ ಮುಚ್ಚಿಸುತ್ತಿದ್ದರು.

“ತಕ್ಕಡಿ ವಾಪಸ್ ಬಂತಲ್ಲ, ಒಂದ್ಸಲ ಪರೀಕ್ಷೆ ಮಾಡಿ ನೋಡ್ರೀ,” ಎಂದಳು ಹೆಂಡತಿ.

“ಅವಳ ಸುಳ್ಳಿಗೆ ಪರೀಕ್ಷೆ ಬೇರೆ ಕೇಡು!”

ಟೀಚರಮ್ಮ ತಕ್ಕಡಿಯ ಬದಲು ಗುಜರಿ ತುಂಬಿ ಕಳಿಸಿದ್ದಾಳೆಂದು ಸಾಧಿಸುವುದೇ ಅವನ ಉಪಾಯ. ವಾಪಸ್ ಬಂದ ಪೆಟ್ಟಿಗೆಯ ತಳದ ಟೇಪನ್ನಷ್ಟೇ ಬ್ಲೇಡಿನಿಂದ ಸೀಳಿದ. ಮೇಲೆ ಅಂಟಿಸಿದ್ದ ಚೀಟಿಗೆ ಒಂದು ಗೀರೂ ಬೀಳಲಿಲ್ಲ. ಅದರಲ್ಲಿ ವಾಪಸಿಗೆ ಕಾರಣವೆಂದು ಅರ್ಧ ಕಿಲೋ ಸಕ್ಕರೆಯ ದೂರೂ, ಟೀಚರಮ್ಮನ ಮನೆಯಲ್ಲಿ ಕೊರಿಯರಿನವರು ತೂಗಿದ ತೂಕವೂ ಅಚ್ಚಾಗಿದ್ದವು: ಸಾವಿರದ ಇನ್ನೂರು ಗ್ರಾಂ. ದಡ್ಡರು ಸಿಕ್ಕಿಬೀಳುವುದೇ ಈ ತೂಕದಲ್ಲಿ, ಪಾಪ! ತಕ್ಕಡಿ ತೆಗೆದು ಎರಡು ಕೆಟ್ಟ ಬೀಗ ಹಾಕಿದ. ತೂಗಲು ಹೊಸ ತಕ್ಕಡಿಯ ಸೀಲು ಒಡೆಯುವ ಮನಸ್ಸಾಗಲಿಲ್ಲ. ಒಡೆದರೆ ಅದು ಹಳೆಯ ಮಾಲು. ಕೈಗೆ ಸಿಕ್ಕ ತಕ್ಕಡಿಯ ಮೇಲೆ ಪೆಟ್ಟಿಗೆ ಇಟ್ಟು, ಮೊಳೆಗಳನ್ನು ಒಂದೊಂದಾಗಿ ಹಾಕುತ್ತ ಬಂದ. ಕೊನೆಯ ಮೊಳೆಗೆ ಸಾವಿರದ ಇನ್ನೂರು ಮೂಡಿದಾಗ ತಳಕ್ಕೆ ಮತ್ತೆ ಟೇಪು ಹಚ್ಚಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಹೆಂಡತಿ ಮುಖ ಗಂಟಿಕ್ಕಿಕೊಂಡೇ ಫೋನ್ ಹಿಡಿದು ವಿಡಿಯೊ ಮಾಡಿದಳು. ಅವನು ಮೇಲಿನ ಟೇಪು ಕಿತ್ತು, ಬೀಗ ಕಂಡು, ಎದೆಯ ಮೇಲೆ ಕೈಯಿಟ್ಟು “ಅಯ್ಯೋ, ಇದೇನಿದು!” ಎಂದ. ಕನ್ನಡಿಯ ಮುಂದೆ ಏಳು ಸಲ ಅಭ್ಯಾಸ ಮಾಡಿದ್ದ ಗಾಬರಿ ಅದು.

ಸಂಜೆಯೇ ಸೈಟಿನವರ ಉತ್ತರ ಬಂತು: ‘ಪೆಟ್ಟಿಗೆಯನ್ನು ಬಂದ ಹಾಗೆಯೇ ನಮಗೆ ಕಳಿಸಿ. ತೂಕ ತಾಳೆಯಾದರೆ ತೀರ್ಪು ನಿಮ್ಮ ಕಡೆ.’ ಅವನು ಮೀಸೆಯಡಿಯಲ್ಲೇ ನಕ್ಕ.

ಮರುದಿನ ಬಂದ ಕೊರಿಯರಿನವನು ಪೆಟ್ಟಿಗೆಯನ್ನು ತನ್ನ ತೂಕದ ಕೊಕ್ಕೆಗೆ ನೇತುಹಾಕಿದ.

“ಚೀಟೀಲಿ ಸಾವಿರದ ಇನ್ನೂರು ಅಂತಿದೆ ಸಾರ್. ಇದು ಸಾವಿರಾನೇ ಬರ್ತಿದೆ.”

“ನಿನ್ನ ಕೊಕ್ಕೆ ಕೆಟ್ಟಿದೆ ಕಣಯ್ಯಾ!” ಅವನು ಒಳಗೋಡಿ, ತಾನು ತೂಗಿದ್ದ ತಕ್ಕಡಿಯನ್ನೇ ತಂದು, ಪೆಟ್ಟಿಗೆ ಇಟ್ಟು ತೋರಿಸಿದ. ಸಾವಿರದ ಇನ್ನೂರು. “ಈಗೇನಂತೀಯಾ?”

ಕೊರಿಯರಿನವನು ತಲೆ ಕೆರೆದುಕೊಂಡ. ಹೆಂಡತಿ ಅಡುಗೆಮನೆಗೆ ಹೋದಳು. ಇನ್ನೂ ಒಡೆಯದ ಅರ್ಧ ಕಿಲೋ ಸಕ್ಕರೆ ಪೊಟ್ಟಣ ತಂದು, ಟೀಚರಮ್ಮ ವಾಪಸ್ ಕಳಿಸಿಯೇ ಇಲ್ಲವೆಂದು ಗಂಡ ಸಾಧಿಸುತ್ತಿದ್ದ ಆ ತಕ್ಕಡಿಯ ಮೇಲಿಟ್ಟಳು. ಅದು ಆರುನೂರು ತೋರಿಸಿತು. ಕೊರಿಯರಿನವನು ಚೀಟಿಯಲ್ಲಿದ್ದ ದೂರನ್ನು ಇನ್ನೊಮ್ಮೆ ಓದಿ, ಫೋಟೊ ಹೊಡೆಯಲು ಫೋನ್ ತೆಗೆದ.