ಹನ್ನೊಂದು ದಿನದ ಒಂದೇ ಅಂಕಿ

"ನಾನು ಮನೇಲಿ ಕೂತು ಅಂಕಿ ಬರೆದೋನಲ್ಲಮ್ಮ," ಎಂದು ಮೀಟರ್ ನೋಡುವವನು ಬೆಳಿಗ್ಗೆಯೇ ಕಡತಕೋಣೆಯ ಬಾಗಿಲಲ್ಲಿ ನಿಂತು ಹೇಳಿದ. "ಮೂರು ಗಂಟೆಗೆ ವಿಚಾರಣೆ. ಕೆಲಸ ಹೋದ್ರೆ ಹೋಗ್ಲಿ, ಸುಳ್ಳುಗಾರ ಅನ್ನಿಸ್ಕೊಂಡು ಹೋಗಲಾರೆ."

ಆ ತೈಲ ಕಂಪನಿಯಲ್ಲಿ ಏನೇ ಗೋಜಲಾದರೂ ಜನ ಬರುತ್ತಿದ್ದದ್ದು ಕಡತದಮ್ಮನ ಹತ್ತಿರ. ಹಳೆಯ ಕಾಗದಗಳ ನಡುವೆ ಕೂತೇ ಅವರು ಎಷ್ಟೋ ಗುಟ್ಟು ಬಿಡಿಸಿದ್ದರು. ಅದಕ್ಕೆಲ್ಲ ಅವರ ಬಲಗೈ ಉಗ್ರಾಣಿ. ಎಣ್ಣೆ ಬಾವಿಗಳ ಅಂಕಿಗಳನ್ನೆಲ್ಲ ಒಂದೆಡೆ ತುಂಬಿಡುವ ಡೇಟಾ ವೇರ್‌ಹೌಸ್ ಕಟ್ಟಿದವನು ಅವನೇ, ಹಾಗಾಗಿ ಆ ಅಡ್ಡಹೆಸರು. ತನ್ನ ವೇರ್‌ಹೌಸ್ ಬಂದ ಮೇಲೆ ಯಾವ ಬಾವಿಯ ಅಂಕಿ ನಕ್ಷೆಯಲ್ಲೂ ಗೆರೆ ನಡುವೆ ಕಡಿದಿಲ್ಲ ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುವುದು ಅವನ ಚಾಳಿ.

ಉಗ್ರಾಣಿ ಕಂಪ್ಯೂಟರ್ ತೆರೆದು ತೋರಿಸಿದ. ಇವನು ನೋಡುವ ನಾಲ್ಕನೇ ಬಾವಿಯ ಒತ್ತಡ ಹನ್ನೊಂದು ದಿನ ಕದಲದೆ ೨೧೨.೪. ಹನ್ನೆರಡನೇ ದಿನ ದಿಢೀರನೆ ಕುಸಿತ. ಅಷ್ಟರಲ್ಲಿ ಬಾವಿಗೆ ನೀರು ನುಗ್ಗಿತ್ತು.

"ಒಂಬತ್ತನೇ ಬಾವಿ ತೆಗಿಯಪ್ಪ," ಎಂದರು ಕಡತದಮ್ಮ.

ಅಲ್ಲೂ ನಾಲ್ಕು ದಿನ ಒಂದೇ ಅಂಕಿ. ಅಲ್ಲಿ ಮೀಟರ್ ನೋಡುವವನು ಬೇರೆಯವನು.

"ಇಬ್ರೂ ಮಾತಾಡ್ಕೊಂಡು ಒಂದೇ ಥರ ಸುಳ್ಳು ಬರೀತಾರಾ?" ಎಂದು ಕೇಳಿದರು ಕಡತದಮ್ಮ.

ಉಗ್ರಾಣಿಗೆ ಆಗ ಏನೋ ನೆನಪಾಗಿ ಕಿವಿ ಬಿಸಿಯಾಯಿತು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಕಡತದಮ್ಮ, ಮೀಟರ್ ನೋಡುವವರು ದಿನಾ ಬರೆದು ಕೊಡುವ ಚೀಟಿಗಳ ಕಟ್ಟು ಬಿಚ್ಚಿ ಓದಿದರು. ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ, ಮತ್ತೆ ಕಟ್ಟಿಟ್ಟರು.

ಮೂರು ಗಂಟೆಗೆ ಮ್ಯಾನೇಜರ ಕೋಣೆಯಲ್ಲಿ ಎಲ್ಲರೂ ಸೇರಿದರು. ಕಡತದಮ್ಮ ಹನ್ನೊಂದು ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಒಂದರಲ್ಲೂ ಅಂಕಿ ಇರಲಿಲ್ಲ, ಬರೀ ಅಡ್ಡಗೆರೆ.

"ಆ ಹನ್ನೊಂದು ದಿನ ಮೀಟರ್ ರಿಪೇರಿಗೆ ಹೋಗಿತ್ತು. ವರ್ಕ್‌ಶಾಪಿನ ರಸೀದಿ ಇಲ್ಲಿದೆ. ಇವನು ದಿನಾ ಹೋಗಿದ್ದಾನೆ, ದಿನಾ ಗೆರೆ ಎಳೆದಿದ್ದಾನೆ."

"ಮತ್ತೆ ಅಂಕಿ ಎಲ್ಲಿಂದ ಬಂತು?" ಎಂದರು ಮ್ಯಾನೇಜರು.

"ಒಂಬತ್ತನೇ ಬಾವಿ ಚೀಟಿಗಳಲ್ಲೂ ಇದೇ ಗೆರೆ. ಬರೆದೋರು ಇಬ್ರು, ತುಂಬಿದ ಕೈ ಒಂದೇ. ಖಾಲಿ ಇದ್ದ ಕಡೆ ಹಿಂದಿನ ದಿನದ ಅಂಕಿ ಹಾಕೋ ಕೈ." ಅಷ್ಟು ಹೇಳಿ ಕಡತದಮ್ಮ ಕೂತುಬಿಟ್ಟರು.

ನಾಚಿಕೆಯಿಂದ ಹಿಡಿಯಷ್ಟಾಗಿದ್ದ ಉಗ್ರಾಣಿ ಕುರ್ಚಿ ಹಿಡಿದು ಎದ್ದ.

"ಆ ಕೈ ನಂದು ಸಾರ್. ನಕ್ಷೇಲಿ ಗೆರೆ ಕಡಿದ್ರೆ ನೀವು ರೇಗ್ತಿದ್ರಿ. ಅದಕ್ಕೇ ವೇರ್‌ಹೌಸಲ್ಲಿ ಖಾಲಿಗೆ ಜಾಗಾನೇ ಇಡಲಿಲ್ಲ, ನಿನ್ನೆಯ ಅಂಕೀನೇ ತುಂಬೋ ಹಾಗೆ ಮಾಡಿದ್ದೆ. ಖಾಲಿ ಕಂಡಿದ್ರೆ ಯಾರಾದ್ರೂ ಬಾವಿ ಹತ್ರ ಹೋಗಿ ನೋಡ್ತಿದ್ರು. ಬೆಳಿಗ್ಗೇನೇ ನೆನಪಾಯ್ತು. ಹೇಳಲಿಲ್ಲ."

ಮೀಟರ್ ನೋಡುವವನು ಬೈಯಲಿಲ್ಲ. "ನನ್ನ ಗೆರೆಗೂ ಒಂದು ಜಾಗ ಮಾಡಿ ಸಾರ್," ಎಂದಷ್ಟೇ ಉಗ್ರಾಣಿಗೆ ಹೇಳಿ ಚೀಟಿಗಳನ್ನು ಜೋಡಿಸತೊಡಗಿದ.

ಹೊರಗೆ ಬಂದ ಮೇಲೆ ಉಗ್ರಾಣಿ ತಲೆ ತಗ್ಗಿಸಿಯೇ ಕೇಳಿದ, "ನನ್ನ ಹೆಸರು ನೀವ್ಯಾಕೆ ಹೇಳಲಿಲ್ಲ ಅಮ್ಮ?"

"ನೀನೇ ಹೇಳ್ತೀಯ ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ ಕಣಪ್ಪ," ಎಂದರು ಕಡತದಮ್ಮ. "ಆ ಬಡಪಾಯೀನೂ ಅಲ್ಲೀವರೆಗೂ ಕಾಯಬೇಕಾಯ್ತು."