ಎರಡು ಬೆರಳು ಸಂದಿನ ಬಾಗಿಲು

“ಇದು ಸವೆತ ಅಲ್ಲ ಅತ್ತೆ. ಹಾನಿ!”

ಬಡಗಿಯ ಬಾಯಿಂದ ಆ ಮಾತು ಬಂದದ್ದೇ ತಡ, ಟೈಲರ್ ಹುಡುಗಿಯ ಎದೆ ಧಸಕ್ಕೆಂದಿತು.

ಎರಡು ವರ್ಷದಿಂದ ಅವಳು ಬಾಡಿಗೆಗಿದ್ದ ಮನೆ ಅದು. ಇಂದು ಖಾಲಿ ಮಾಡುತ್ತಿದ್ದಳು. ಪೇಟೆಯಲ್ಲಿ ತನ್ನದೇ ಹೊಲಿಗೆ ಅಂಗಡಿ, ಅದರ ಹಿಂದೆ ಒಂದು ಕೋಣೆ... ಸಂಜೆಯೊಳಗೆ ಅಡ್ವಾನ್ಸ್ ಕಟ್ಟಿದರೆ ಮಾತ್ರ ಬೀಗದಕೈ ಎಂದಿದ್ದರು ಅಲ್ಲಿಯವರು. ಈ ಮನೆಗೆ ಕೊಟ್ಟಿದ್ದ ಅಡ್ವಾನ್ಸ್ ಪೂರ್ತಿ ವಾಪಸ್ ಬಂದರಷ್ಟೇ ಅದು ಆಗುವ ಮಾತು.

ಮನೆಯ ಒಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಮನೆ ನೋಡಲು ಬಂದರೂ ಕೈಯಲ್ಲಿ ಕೆಂಪು ಪೆನ್ನು! ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ‘ಸವೆತ’, ಇನ್ನೊಂದು ಕಡೆ ‘ಹಾನಿ’ ಎಂದು ಬರೆದುಕೊಂಡಿದ್ದರು. ಇದ್ದು ಬಾಳಿದ್ದಕ್ಕೆ ತಾನಾಗಿ ಹಳತಾಗಿದ್ದರೆ ಸವೆತ, ಅದರ ಖರ್ಚು ಅವರದು. ಬಾಡಿಗೆಯವರು ಕೆಡಿಸಿದ್ದರೆ ಹಾನಿ, ಅದು ಅಡ್ವಾನ್ಸಿನಲ್ಲಿ ಕಡಿತ. ಮರದ ಕೆಲಸ ಬಲ್ಲವನೆಂದು ತಮ್ಮ ಅಣ್ಣನ ಮಗನಾದ ಈ ಬಡಗಿಯನ್ನೂ ಕರೆತಂದಿದ್ದರು.

ಮೊದಮೊದಲು ಎಲ್ಲ ಸಲೀಸಾಗಿತ್ತು. ಬಿಸಿಲಿಗೆ ಮಾಸಿದ ಗೋಡೆ? ಸವೆತ. ಹೊಲಿಗೆ ಯಂತ್ರದ ಮುಂದೆ ಕುರ್ಚಿ ಉಜ್ಜಿ ಹೊಳಪು ಹೋದ ನೆಲ? ಅದೂ ಸವೆತವೇ. ಇಸ್ತ್ರಿಪೆಟ್ಟಿಗೆಯಿಂದ ಸುಟ್ಟಿದ್ದ ಶೆಲ್ಫಿನ ಹಲಗೆಯನ್ನು ಅವಳೇ ಬದಲಾಯಿಸಿದ್ದಳು. ಅದಕ್ಕೊಂದು ರೈಟ್ ಮಾರ್ಕ್ ಬೇರೆ ಸಿಕ್ಕಿತ್ತು.

ಕೊನೆಗೆ ಮುಂಬಾಗಿಲು. ಚೌಕಟ್ಟಿಗೂ ಅದಕ್ಕೂ ನಡುವೆ ಎರಡು ಬೆರಳು ಸಂದು! ಪಕ್ಕದ ಚಿಲಕ ಕೊಂಡಿಯನ್ನು ಮುಟ್ಟುತ್ತಲೇ ಇರಲಿಲ್ಲ.

‘ಹೊಸ ಬಾಗಿಲಿನ ದುಡ್ಡು ಹಿಡಿದುಕೊಂಡರೆ ಅಂಗಡಿ ಕೈತಪ್ಪಿದ ಹಾಗೇ... ಅದಿರಲಿ, ಇವನೇ ಹೀಗೆ ಹೇಳಬೇಕೇ? ಎಷ್ಟು ಸಲ ಟೀ ಮಾಡಿಕೊಟ್ಟಿದ್ದೆ ಇವನಿಗೆ!’

ಅವನನ್ನು ಮೊದಲು ಕಂಡದ್ದೂ ಇದೇ ಬಾಗಿಲಲ್ಲಿ. ಅವಳು ಬಂದ ವಾರವೇ ಬಾಗಿಲು ಬಿಗಿದುಕೊಂಡು, ಒಳಗೆ ಸಿಕ್ಕಿಬಿದ್ದಿದ್ದಳು. ಹೆಡ್‌ಮಿಸ್ಟ್ರೆಸ್ ಕಳಿಸಿದ್ದ ಇವನು ಹೊರಗಿನಿಂದ ಭುಜ ಕೊಟ್ಟು ತಳ್ಳಿ, ಸೀದಾ ಬಟ್ಟೆಯ ರಾಶಿಯ ಮೇಲೆ ಬಂದು ಬಿದ್ದ. ತಲೆಯ ಮೇಲೊಂದು ಅರ್ಧ ಹೊಲಿದ ಫ್ರಾಕು!

“ಅಳತೆ ಸರಿ ಇದ್ಯಾ ನೋಡಿ,” ಎಂದಿದ್ದ.

ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ಅವನು ಬಾಗಿಲಿನ ಅಂಚು ಕೀಸಿ, ಮರದ ಸುರುಳಿಗಳನ್ನೆಲ್ಲ ಗುಡಿಸಿ ಹೋದ. ಆಮೇಲೂ ತಿಂಗಳಿಗೊಮ್ಮೆ ಅವಳ ಫೋನು: “ಬಾಗಿಲು ಮತ್ತೆ ಬಿಗಿ ಆಗಿದೆ ರೀ...” ಅವನು ಬರುತ್ತಿದ್ದ, ಕೀಸುತ್ತಿದ್ದ, ಟೀ ಕುಡಿದು ಹೋಗುತ್ತಿದ್ದ.

ಹೆಡ್‌ಮಿಸ್ಟ್ರೆಸ್ ಕೆಂಪು ಪೆನ್ನಿನ ಮುಚ್ಚಳ ತೆಗೆದರು. “ಹಾನಿ ಅಂದ್ಮೇಲೆ ಕಡಿತವೇ.”

“ತಡೀರಿ ಅತ್ತೆ! ಹಾನಿ ಮಾಡಿದ್ದು ಇವರಲ್ಲ. ನಾನು.”

“ನೀನಾ?!”

“ಮೊದಲ್ನೇ ಸಲ ಮಾತ್ರ ಬಾಗಿಲು ನಿಜವಾಗ್ಲೂ ಬಿಗಿ ಇತ್ತು. ಆಮೇಲೆ ಒಂದೇ ಬೆರಳಲ್ಲಿ ತಳ್ಳಿದ್ರೂ ತೆರ್ಕೊಳ್ತಿತ್ತು. ಏನೂ ಆಗಿಲ್ಲ ಅಂದ್ರೆ ನಾನು ವಾಪಸ್ ಹೋಗ್ಬೇಕಲ್ಲ... ಅದಕ್ಕೇ ಪ್ರತಿ ಸಲ ಒಂಚೂರು ಕೀಸ್ತಿದ್ದೆ. ಹೊಸ ಬಾಗಿಲು ನನ್ನ ಖರ್ಚಲ್ಲೇ ಮಾಡ್ತೀನಿ. ಇವರ ದುಡ್ಡು ಮುಟ್ಟಬೇಡಿ.”

ಅವಳ ಕಿವಿ ಕೆಂಪಾಯಿತು. ಸುಮ್ಮನಿದ್ದರೆ ಸಾಕಿತ್ತು, ಅಂಗಡಿ ಅವಳದೇ. ಆದರೆ ತಪ್ಪನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟಿ ಹೋಗಲು ಮನಸ್ಸು ಒಪ್ಪಲಿಲ್ಲ.

“ಇಲ್ಲ ಮೇಡಂ... ಬಾಗಿಲು ಬಿಗಿ ಇಲ್ಲ ಅಂತ ನಂಗೂ ಗೊತ್ತಿತ್ತು. ಸುಳ್ಳು ಹೇಳಿ ಕರೀತಿದ್ದೆ. ಅರ್ಧ ನನ್ನ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ.”

ಬಡಗಿ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ.

ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿಂದ ಇಬ್ಬರನ್ನೂ ದಿಟ್ಟಿಸಿದರು. “ಎರಡು ವರ್ಷ! ಇಬ್ರೂ ಸೇರ್ಕೊಂಡು ನನ್ನ ಬಾಗಿಲು ತಿಂದುಹಾಕಿದೀರಲ್ರೋ!” ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಶಿಕ್ಷೆ ಹೊರಬಿತ್ತು. “ನೀನು ಬಾಗಿಲು ಮಾಡೋ. ನೀನು ನಮ್ಮನೆ ಕಿಟಕಿಗಳಿಗೆಲ್ಲ ಪರದೆ ಹೊಲಿದು ಕೊಡಮ್ಮ. ಇಬ್ರೂ ಒಂದೇ ದಿನ ಬರ್ಬೇಕು!” ಅಡ್ವಾನ್ಸಿನ ಲಕೋಟೆಯನ್ನು ಅವಳ ಕೈಗಿಟ್ಟು, ಬೇಕೆಂದೇ ಹಿತ್ತಲ ಕಡೆ ನಡೆದರು. ಒಂದು ರೂಪಾಯಿಯೂ ಕಡಿತ ಮಾಡಿರಲಿಲ್ಲ.

ಬಾಗಿಲ ಬಳಿ ಇಬ್ಬರೇ ಉಳಿದರು.

“ಎರಡು ವರ್ಷದಲ್ಲಿ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮ್ಗೆ?”

“ಧೈರ್ಯ ಬರ್ಲಿ ಅಂತ ಕೀಸ್ತಾ ಇದ್ದೆ... ಬಾಗಿಲೇ ಮುಗೀತಾ ಬಂತು. ಈಗ ಹೇಳ್ತೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ. ಮದುವೆ ಆಗ್ತೀರಾ?”

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಕಾದ ಮಾತು ಕೊನೆಗೂ ಬಂದಿತ್ತು. ಆದರೂ ಕೀಟಲೆ ಬಿಡಲಿಲ್ಲ.

“ನನ್ನ ಅಂಗಡಿಗೆ ಮರದ ಬಾಗಿಲಿಲ್ಲ ರೀ. ಕಬ್ಬಿಣದ ಶಟರ್.”

ಅವನ ಮುಖ ಸಪ್ಪಗಾಯಿತು. “ಹಾಗಾದ್ರೆ... ಏನು ಕೆಲ್ಸ ಅಂತ ಹೇಳ್ಕೊಂಡು ಬರ್ಲಿ?”

ಅವಳು ಅವನ ಅಂಗಿಗೆ ಅಂಟಿದ್ದ ಮರದ ಸುರುಳಿಯೊಂದನ್ನು ಮೆಲ್ಲಗೆ ಬಿಡಿಸಿ, ತನ್ನ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಏನೂ ಹೇಳ್ಬೇಡಿ. ಸುಮ್ನೆ ಬನ್ನಿ... ದಿನಾ.”